ಖಾಲಿ ಡಬ್ಬಿ ಕೇಳಿದವನು ನಾನು

"ಆಕಿಗೆ ಸೊಕ್ಕು ಬಂತ್ರೀ. ಮಂದಿ ಪ್ರೀತೀಲೆ ಡಬ್ಬ್ಯಾಗ ಹಾಕಿ ಕಳಿಸಿದ್ದನ್ನ ಒಲ್ಲೆ ಅಂದ್ಲು. ಖಾಲಿ ಡಬ್ಬಿ ಕಳಸ್ರಿ ಅಂತ ಚೀಟಿ ಹಚ್ಚಿದ್ಲು. ತಾಯಿ ಅನ್ನಪೂರ್ಣಿ ಸಿಟ್ಟಾದ್ಲು, ಕೈಯಾಗಿನ ರುಚಿ ಹೊಂಟ ಹೋತು."

ನಮ್ಮ ವೈನಿಯ ಡಬ್ಬಿ ಊಟ ಏಕೆ ನಿಂತಿತೆಂದು ಖಾನಾಪುರದಲ್ಲಿ ಯಾರನ್ನು ಕೇಳಿದರೂ ಈ ಉತ್ತರವೇ ದೊರೆಯುತ್ತದೆ. ಬೆಳಗಾವಿಯಲ್ಲಿ ಕೇಳಿದರೆ ಸೊಕ್ಕಿನ ಮಾತನ್ನು ಬಿಟ್ಟು, ವಯಸ್ಸಿನ ಮಾತನ್ನು ಸೇರಿಸಿ ಹೇಳುತ್ತಾರೆ. ಎರಡೂ ಕಡೆಯವರು ಕೊನೆಗೆ ಬಂದು ನಿಲ್ಲುವುದು ಒಂದೇ ಜಾಗದಲ್ಲಿ: ತಪ್ಪು ಆಕೆಯ ಕೈಯದು. ವೈನಿ ಎಂದರೆ ನನ್ನ ತೀರಿಹೋದ ಅಣ್ಣನ ಹೆಂಡತಿ. ಆಕೆ ಇನ್ನೂ ಬದುಕಿದ್ದಾಳೆ, ಈ ಕಥೆಯನ್ನು ಕೇಳಿದ್ದಾಳೆ, ಅದಕ್ಕಿಂತ ಕೆಟ್ಟದ್ದೆಂದರೆ ನಂಬಿದ್ದಾಳೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು. ಬೆಳಗಾವಿಯ ಒಂದು ಮುದ್ರಣಾಲಯದಲ್ಲಿ ಅಕ್ಷರದ ಮೊಳೆ ಜೋಡಿಸುತ್ತ, ಕನ್ನಡವನ್ನೂ ಮರಾಠಿಯನ್ನೂ ಬಲದಿಂದ ಎಡಕ್ಕೆ ತಿರುವುಮುರುವಾಗಿ ಓದುತ್ತ, ಓದೆಂಬುದನ್ನು ಕಲಿತೆ. ಆ ಕೆಲಸ ನನಗೆ ಒಂದು ಹಟವನ್ನು ಕೊಟ್ಟಿತು. ಮೂಲಪ್ರತಿ ಕೈಯಲ್ಲಿಲ್ಲದೆ ಒಂದು ಸಾಲನ್ನೂ ಜೋಡಿಸಬಾರದು. ಯಾರಾದರೂ "ಮಂದಿ ಹೇಳ್ತಾರ" ಎಂದರೆ ಯಾವ ಮಂದಿ ಎಂದು ಕೇಳಬೇಕು. ಈ ಹಟದಿಂದ ನೆಂಟರಿಷ್ಟರಲ್ಲಿ ನನಗೆ ಒಳ್ಳೆಯ ಹೆಸರೇನೂ ಬಂದಿಲ್ಲ. ಮುಂಜಿಗೆ ಕರೆದವರು, "ಉಂಡು ಹೋಗ್ರಿ, ಪ್ರಶ್ನೆ ಕೇಳಬ್ಯಾಡ್ರಿ" ಎಂದು ಮೊದಲೇ ಕೈಮುಗಿಯುತ್ತಿದ್ದರು.

ನಿವೃತ್ತನಾಗಿ ಖಾನಾಪುರದ ಮನೆಗೆ ಮರಳಿದಾಗ ಅಲ್ಲಿ ವೈನಿ ಒಬ್ಬಳೇ ಇದ್ದಳು. ನನ್ನ ಹೆಂಡತಿ ಮೊದಲೇ ತೀರಿಹೋಗಿದ್ದಳು. ಅಣ್ಣ ಆಗಷ್ಟೇ ಹೋಗಿದ್ದ. ಹದಿನಾಲ್ಕು ಜನರ ಮನೆಗೆ ಅಡಿಗೆ ಮಾಡಿದ ಆ ಕೈಗೆ ಇಬ್ಬರಿಗಾಗುವಷ್ಟು ಮಾಡುವುದು ಕೊನೆಯವರೆಗೂ ಬರಲಿಲ್ಲ. ಹುರಳಿಯ ಸಾರು ಒಂದು ಗಡಿಗೆ, ಕೆಂಪಕ್ಕಿಯ ಅನ್ನ ಒಂದು ಬೋಗುಣಿ. ಉಳಿದದ್ದನ್ನು ನೆರೆಮನೆಗಳಿಗೆ ಕೊಟ್ಟು ಮುಗಿಯುತ್ತಿರಲಿಲ್ಲ. ಒಂದು ದಿನ ಬೆಳಗಾವಿಯ ಗ್ರಂಥಾಲಯಕ್ಕೆ ಹೊರಟ ನನ್ನ ಕೈಗೆ ಆಕೆ ಒಂದು ಸ್ಟೀಲಿನ ಡಬ್ಬಿ ಕೊಟ್ಟಳು.

"ಭಾವೋಜಿ, ಗಾಡ್ಯಾಗ ಯಾರರೆ ನಮ್ಮ ಕಡಿಯವ್ರು ಸಿಕ್ಕರ ಕೊಡ್ರಿ. ಹಸದವ್ರು ಇರ್ತಾರ."

ಮೈದುನನನ್ನು ನಮ್ಮ ಕಡೆ ಭಾವೋಜಿ ಎಂದೇ ಕರೆಯುತ್ತಾರೆ. ಸಿಕ್ಕವರು ದೇಸೂರದಲ್ಲಿ ಹತ್ತಿದ ಒಬ್ಬ ಅಕ್ಕೋರು. ಬೆಳಗಾವಿಯ ಸಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಅಂದು ಸಂಜೆ ಅದೇ ಪ್ಯಾಸೆಂಜರ್ ಗಾಡಿಯಲ್ಲಿ ಡಬ್ಬಿಯನ್ನು ಹಿಂದಿರುಗಿಸುತ್ತ ಅವರು ಹೇಳಿದ್ದು ಇಷ್ಟೇ: "ಹುರಳಿ ಸಾರು ಉಂಡು ನಮ್ಮವ್ವನ ನೆನಪಾತ್ರಿ. ನಾಳೆ ಮತ್ತ ತರ್ರಿ." ಡಬ್ಬಿಯೊಳಗೆ ನಾಲ್ಕು ನಿಂಬೆಹಣ್ಣು ಇದ್ದವು.

ಧಂಧೆ ಹೀಗೆ ಆರಂಭವಾಯಿತು. ಫಲಕವಿಲ್ಲ, ಪೂಜೆಯಿಲ್ಲ. ಖಾನಾಪುರದ ಸೀಮೆಯಿಂದ ಹೋಗಿ ಬೆಳಗಾವಿಯಲ್ಲಿ ಕಚೇರಿ, ಬ್ಯಾಂಕು, ಸಾಲೆ ಎಂದು ನೆಲೆಸಿದ ಮನೆಗಳು ಒಂದೊಂದಾಗಿ ಕೂಡಿಕೊಂಡವು. ಅವರಿಗೆ ಹೋಟೆಲಿನ ಊಟಕ್ಕೆ ಕೊರತೆಯಿರಲಿಲ್ಲ. ಅವರಿಗೆ ಬೇಕಾದದ್ದು ಹುರಳಿ ಸಾರು, ರಾಗಿಯ ಭಕ್ಕರಿ, ಹಲಸಿನ ಬೀಜದ ಪಲ್ಯ, ಸುಟ್ಟ ಗೆಣಸು. ಯಾವ ಹೋಟೆಲಿನ ಹಲಗೆಯ ಮೇಲೂ ಬರೆಯದ, ಅತಿಥಿಗಳು ಬಂದಾಗ ಮುಚ್ಚಿಟ್ಟು ಮನೆಯವರಷ್ಟೇ ಉಣ್ಣುವ ಊಟ. ಡಬ್ಬಿಗಳು ಇಪ್ಪತ್ತೆರಡಾದವು. ಮುಂಜಾನೆ ನಾನು ಎರಡು ಚೀಲಗಳಲ್ಲಿ ಒಯ್ಯುತ್ತಿದ್ದೆ. ಬೆಳಗಾವಿಯ ಟಿಳಕವಾಡಿ, ಶಹಾಪುರ ಬಡಾವಣೆಗಳನ್ನು ಸುತ್ತಿ ಹಂಚಿ, ಹಗಲೆಲ್ಲ ಗ್ರಂಥಾಲಯದಲ್ಲಿ ಓದುತ್ತ ಕುಳಿತು, ಸಂಜೆ ಡಬ್ಬಿಗಳನ್ನು ಕೂಡಿಸಿಕೊಂಡು ಮರಳುತ್ತಿದ್ದೆ.

ಅವು ಎಂದೂ ಖಾಲಿ ಬರಲಿಲ್ಲ. ಅನ್ನ ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ರೂಢಿ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಊಟಕ್ಕೆ ಕೊಡಬೇಕಾದದ್ದನ್ನು ತಿಂಗಳಿಗೊಮ್ಮೆ ಕೊಟ್ಟೂ ಅವರು ಈ ರೂಢಿಯನ್ನು ಬಿಡಲಿಲ್ಲ. ಒಂದರಲ್ಲಿ ಕರಿಬೇವು, ಇನ್ನೊಂದರಲ್ಲಿ ಬೆಲ್ಲದ ಹೆಂಟೆ, ಮತ್ತೊಂದರಲ್ಲಿ ಹಸಿ ಶೇಂಗಾ. ವೈನಿ ಸಂಜೆ ಒರಳಿನ ಪಕ್ಕದಲ್ಲಿ ಕುಳಿತು ಅವನ್ನೆಲ್ಲ ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಬೇರ್ಪಡಿಸಿ ಸಾಲಾಗಿ ಇಡುತ್ತಿದ್ದಳು. ಮುಟ್ಟುವಳು, ಮೂಸುವಳು, ಒಮ್ಮೊಮ್ಮೆ ತಾನೇ ನಗುವಳು. ನಾನು ಅದನ್ನು ಮುದುಕಿಯರ ಆಟವೆಂದು ತಿಳಿದಿದ್ದೆ.

ಟಿಳಕವಾಡಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಗೃಹಸ್ಥರಿದ್ದರು. ಬಾಗಿಲಲ್ಲಿ ನಿಂತು ನನ್ನನ್ನು ಕೆಣಕುವುದು ಅವರ ನಿತ್ಯದ ವಿನೋದ.

"ಏನ್ರಿ ಪಂಡಿತರ, ನಿನ್ನಿ ಸಾರಿನಾಗ ನಮ್ಮ ಮನಿ ವಾಸನಿ ಬರಾಕತ್ತಿತ್ತಲ್ಲ! ನಮ್ಮಾಕಿ ನಿಮ್ಮಲ್ಲಿ ಕೆಲಸಕ್ಕ ಬಂದಾಳೇನು?"

"ನಿಮ್ಮ ಮೂಗು ನಿವೃತ್ತಿ ಆಗಿಲ್ಲ ಅಂತಾತು" ಎಂದು ನಾನು ಹೇಳಿ ಹೊರಟೆ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿರಬಹುದೆಂದು ನನಗೆ ಹೊಳೆಯಲಿಲ್ಲ. ಎಲ್ಲವನ್ನೂ ಪ್ರಶ್ನಿಸುವ ನಾನು ಆ ಒಂದು ಮಾತನ್ನು ಪ್ರಶ್ನಿಸಲಿಲ್ಲ.

ಅಡಿಗೆಗೆ ಬೇಕಾದದ್ದನ್ನೆಲ್ಲ ಅಳೆದು ತೂಗಿ ಬರೆದಿಡಬೇಕು, ಪಾತ್ರೆಗಳು ನಿರ್ಮಲವಾಗಿರಬೇಕು ಎಂದು ಆ ದಿನಗಳಲ್ಲಿ ಗ್ರಂಥಾಲಯದಲ್ಲಿ ಓದುತ್ತಿದ್ದೆ. ಓದಿದ್ದು ತಪ್ಪಲ್ಲ. ಆದರೆ ತಾನೇ ಓದಿ ಕಲಿತವನಿಗೆ ಓದಿದ್ದನ್ನೆಲ್ಲ ಕೂಡಲೇ ಜಾರಿಗೆ ತರುವ ಆತುರವಿರುತ್ತದೆ. ಅಷ್ಟರಲ್ಲಿ ಒಂದು ಘಟನೆ ಜರುಗಿತು. ಯಾರೋ ಹಾಕಿದ್ದ ಬೆಲ್ಲ ಕರಗಿ ಚೀಲಕ್ಕೆಲ್ಲ ಅಂಟಿ, ಅದಕ್ಕೆ ಹತ್ತಿದ ಇರುವೆಗಳು ಮರುದಿನ ಹೊಸದಾಗಿ ಸೇರಿದ್ದ ಒಬ್ಬ ತರುಣ ಅಧಿಕಾರಿಯ ಡಬ್ಬಿಯನ್ನು ಹೊಕ್ಕವು. ಆತ ಪರವೂರಿನವನು, ತನ್ನ ಸಹೋದ್ಯೋಗಿಗಳ ಎದುರಿನಲ್ಲಿ ಮುಚ್ಚಳ ತೆರೆದು ನನಗೆ ತೋರಿಸಿದ.

"ಕಾಕಾ, ಇದು ಊಟದ ಡಬ್ಬಿನೋ, ಇರುವೆಗಳ ಮನೆಯೋ?"

ಎಲ್ಲರೂ ನಕ್ಕರು. ಅಲ್ಲಿಂದ ನೇರವಾಗಿ ನಾನು ದುಡಿದ ಹಳೆಯ ಮುದ್ರಣಾಲಯಕ್ಕೆ ಹೋದೆ. ಲಗ್ನಪತ್ರಿಕೆಗಳಿಗೆಂದು ಉಳಿಸಿಕೊಂಡಿದ್ದ ಕೆಲವು ಮೊಳೆಗಳು ಅಲ್ಲಿ ಇನ್ನೂ ಇದ್ದವು. ಕನ್ನಡದಲ್ಲಿಯೂ ಕೆಳಗೆ ಮರಾಠಿಯಲ್ಲಿಯೂ ನಾನೇ ಜೋಡಿಸಿದೆ: "ಊಟದ ನಂತರ ಡಬ್ಬಿಯನ್ನು ತೊಳೆದು, ಒರೆಸಿ, ಖಾಲಿಯಾಗಿಯೇ ಹಿಂದಿರುಗಿಸಬೇಕು. ಯಾವ ಪದಾರ್ಥವನ್ನೂ ಹಾಕಿ ಕಳಿಸಕೂಡದು." ಸುತ್ತ ಒಂದು ಬಳ್ಳಿಯ ಅಂಚು ಕೊಟ್ಟೆ. ಬಹಳ ವರ್ಷಗಳ ಮೇಲೆ ಮೊಳೆ ಮುಟ್ಟಿದ ಬೆರಳುಗಳಿಗೆ ಸಂತೋಷವಾಗಿತ್ತೆಂದು ಒಪ್ಪಿಕೊಳ್ಳಬೇಕು. ಪ್ರತಿಯೊಂದು ಚೀಟಿಯ ಕೆಳಗೂ ಶಾಯಿಯಲ್ಲಿ ಸಹಿ ಮಾಡಿದೆ. ಮನೆಗೆ ಬಂದು ಇಪ್ಪತ್ತೆರಡು ಮುಚ್ಚಳಗಳ ಮೇಲೆ ಅಂಟಿಸಿ, ನೀರು ತಾಗದಂತೆ ಪಾರದರ್ಶಕ ಟೇಪು ಹಚ್ಚಿದೆ.

ವೈನಿ ಒಂದು ಮುಚ್ಚಳವನ್ನು ಎತ್ತಿಕೊಂಡು ನಿಧಾನವಾಗಿ ಓದಿದಳು. ಮರಾಠಿಯಲ್ಲಿ ಮತ್ತೊಮ್ಮೆ ಓದಿದಳು.

"ಖಾಲಿ ಪಾತ್ರಿ ಕೇಳಿ ತರಸ್ಕೋತಾರೇನ್ರಿ ಯಾರರೆ?"

"ವೈನಿ, ಇದು ಧಂಧೆ. ಬಾಗಿನ ಕೊಡೋದಲ್ಲ."

"ಧಂಧೆ ಇರ್ಲಿ. ಅವ್ರು ಕೊಡೋದು ನಿಮಗಲ್ಲ, ನನಗ."

"ಇರವಿ ಹತ್ತಿದ್ದು ಮಾತ್ರ ನನ್ನ ಚೀಲಕ್ಕ" ಎಂದೆ. ಆಕೆ ಮುಚ್ಚಳವನ್ನು ಡಬ್ಬಿಯ ಮೇಲೆ ಹಾಕಿ ಒಳಗೆ ಹೋದಳು. ವಾದದಲ್ಲಿ ನಾನು ಗೆದ್ದೆನೆಂದು ತಿಳಿದೆ. ಇಡೀ ಬದುಕಿನಲ್ಲಿ ಆಕೆ ನನ್ನ ಎದುರು ಎತ್ತಿದ ಆಕ್ಷೇಪ ಅದೊಂದೇ ಎಂಬುದು ನನಗೆ ಲೆಕ್ಕಕ್ಕೆ ಬಂದದ್ದು ಬಹಳ ತಡವಾಗಿ.

ಮರುದಿನದಿಂದ ಡಬ್ಬಿಗಳು ಖಾಲಿಯಾಗಿ ಬಂದವು. ಯಾರೂ ಜಗಳಾಡಲಿಲ್ಲ. ಬ್ಯಾಂಕಿನ ಗೃಹಸ್ಥರು ಚೀಟಿಯನ್ನು ಓದಿ, "ಬಳ್ಳಿ ಭಾಳ ಚಂದ ಐತ್ರಿ" ಎಂದರು; ಕೆಣಕುವುದನ್ನು ಅಂದಿನಿಂದ ನಿಲ್ಲಿಸಿದರು. ಬೇಕಾದ ಸಾಮಾನನ್ನೆಲ್ಲ ನಾನು ರವಿವಾರ ಪೇಟೆಯಿಂದ ತಂದೆ. ಹುಣಸೆಹಣ್ಣು, ಬೆಲ್ಲ, ಮೆಣಸಿನಕಾಯಿ, ಎಲ್ಲವೂ ಮೊದಲ ದರ್ಜೆಯವು. ಒರಳಿನ ಪಕ್ಕದ ಬಟ್ಟಲುಗಳು ಬೋರಲು ಬಿದ್ದವು.

ಎರಡು ತಿಂಗಳೊಳಗೆ ಮಾತು ಕೇಳಿಬರತೊಡಗಿತು. ಸಾರು ಮೊದಲಿನಂತಿಲ್ಲ. ಶಹಾಪುರದ ಒಬ್ಬ ಗೃಹಿಣಿ ಬಹಳ ಸಂಕೋಚದಿಂದ, "ಉಣ್ಣಾಕ ಛಲೋನ ಐತ್ರಿ, ಆದ್ರ ಎಲ್ಲೋ ಏನೋ ಕಡಿಮಿ ಆಗೈತಿ. ನಿಮ್ಮ ವೈನಿಯವ್ರ ಕೈ ದಣದಿರಬೇಕು" ಎಂದಳು. ಆ "ಇರಬೇಕು" ಎಂಬ ಊಹೆಯನ್ನು ನಾನು ಪರೀಕ್ಷಿಸಲಿಲ್ಲ. ಮೂಲಪ್ರತಿ ಎಲ್ಲಿ ಎಂದು ಕೇಳಲಿಲ್ಲ. ಮನೆಗೆ ಒಯ್ದು ಹಾಗೆಯೇ ಒಪ್ಪಿಸಿದೆ.

"ವೈನಿ, ಮಂದಿ ರುಚಿ ಕಡಿಮಿ ಆಗೈತಿ ಅನ್ನಾಕತ್ತಾರ. ಸ್ವಲ್ಪ ಉಪ್ಪು ಹುಳಿ ನೋಡಿ ಹಾಕ್ರಿ."

ಆಕೆಯ ಕೈಯಲ್ಲಿ ಸೌಟು ಇತ್ತು. ಅದನ್ನು ಗಡಿಗೆಯ ಮೇಲೆ ಅಡ್ಡವಾಗಿ ಇಟ್ಟಳು. ಐವತ್ತು ವರ್ಷ ರುಚಿ ನೋಡದೆ, ಬರಿಯ ಆವಿಯ ವಾಸನೆಯಿಂದಲೇ ಹದ ಹೇಳುತ್ತಿದ್ದವಳು ಅಂದಿನಿಂದ ಪ್ರತಿ ಕುದಿಗೂ ಅಂಗೈಯಲ್ಲಿ ಹನಿ ಹಾಕಿಕೊಂಡು ನೆಕ್ಕತೊಡಗಿದಳು. ನನ್ನನ್ನೂ ಕರೆಯುವಳು: "ನೋಡ್ರಿ ಭಾವೋಜಿ, ಆಗೇತೇನು?" ನಾನು ಪಟ್ಟಣದಿಂದ ಅಳತೆಯ ಚಮಚಗಳನ್ನು ತಂದುಕೊಟ್ಟೆ. ಸಹಾಯ ಮಾಡುತ್ತಿದ್ದೇನೆಂದೇ ನಂಬಿದ್ದೆ. ಆಕೆ ಚಮಚದಲ್ಲಿ ಉಪ್ಪನ್ನು ಗೀರಿ ಸಮ ಮಾಡಿ, ಮತ್ತೆ ಭರಣಿಗೆ ಸುರಿದು, ಮೊದಲಿನಿಂದ ಅಳೆಯುತ್ತಿದ್ದಳು.

ಡಬ್ಬಿಗಳು ಹದಿನೈದಾದವು, ಒಂಬತ್ತಾದವು. ಒಂದು ಸೋಮವಾರ ಮುಂಜಾನೆ ನಾನು ಚೀಲ ಹಿಡಿದು ಬಂದಾಗ ಒಲೆ ಹೊತ್ತಿರಲಿಲ್ಲ.

"ನನ್ನ ಕೈ ಹೋತ್ರಿ" ಎಂದಳು. "ಇನ್ನ ಸಾಕು."

ಧಂಧೆ ನಿಂತಿತು. ಮನೆಯ ಅಡಿಗೆಯೂ ನನ್ನ ಪಾಲಿಗೆ ಬಂತು. ಹಿಂದಿರುಗಿದ ಡಬ್ಬಿಗಳ ಮೇಲಿನ ಚೀಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತು, ಡಬ್ಬಿಗಳನ್ನು ಬೇಡಿದವರಿಗೆ ಕೊಟ್ಟೆ. ಲೆಕ್ಕಕ್ಕೆ ಒಂದು ಕಡಿಮೆ ಬಂತು. ದೇಸೂರದ ಅಕ್ಕೋರು ಹಿಂದಿರುಗಿಸಿರಲಿಲ್ಲ. ಗಣಿತದ ಅಕ್ಕೋರು, ಒಂದು ಡಬ್ಬಿಯ ನೆನಪಿಲ್ಲ ಎಂದು ಮನಸ್ಸಿನಲ್ಲಿಯೇ ಬೈದುಕೊಂಡೆ.

ಮೇಲೆ ಉಲ್ಲೇಖಿಸಿದ ಕಥೆಯನ್ನು ನಾನು ಮೊದಲ ಸಲ ಪೂರ್ತಿಯಾಗಿ ಕೇಳಿದ್ದು ಎರಡು ವರ್ಷಗಳ ಮೇಲೆ, ಒಂದು ಲಗ್ನದ ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿ ಕುಳಿತವನಿಗೆ ನಾನು ಯಾರೆಂದು ತಿಳಿದಿರಲಿಲ್ಲ. ಸಾರು ಬಡಿಸುತ್ತಿದ್ದಂತೆ ಅದರ ನೆನಪಾಗಿ ರಸವತ್ತಾಗಿ ಹೇಳಿದ: ಸೊಕ್ಕು, ಚೀಟಿ, ಅನ್ನಪೂರ್ಣೆಯ ಮುನಿಸು.

"ನೀವು ಆ ಡಬ್ಬಿ ಉಂಡೀರೇನು?" ಎಂದು ಕೇಳಿದೆ.

"ಇಲ್ರಿ. ಮಂದಿ ಹೇಳ್ತಾರ."

"ಚೀಟಿ ನೋಡೀರಿ?"

"ಅದೂ ಇಲ್ಲ. ಆದ್ರ ಖರೇ ಐತ್ರಿ. ಆ ಹೆಣ್ಣಮಗಳನ್ನ ಈಗ ನೋಡಬೇಕು, ನೀರೂ ಕಾಸೂದಿಲ್ಲಂತ."

ಆ ಚೀಟಿ ನನ್ನದು ಎಂದು ಆ ಕ್ಷಣದಲ್ಲಿ ಹೇಳಬೇಕಾಗಿತ್ತು. ಎದುರಿಗೆ ಎಲೆಯಿತ್ತು, ಎರಡೂ ಬದಿಗೆ ಜನರಿದ್ದರು, ಬಾಯಲ್ಲಿ ತುತ್ತಿತ್ತು. ತುತ್ತನ್ನು ನುಂಗಿದೆ. ಮಾತನ್ನೂ ನುಂಗಿದೆ. ಉಳಿದ ನನ್ನ ತಪ್ಪುಗಳಿಗೆ ಅಜ್ಞಾನವೆಂಬ ಹೆಸರನ್ನಾದರೂ ಕೊಡಬಹುದು, ಇದಕ್ಕೆ ಕೊಡಲಾಗದು.

ಆ ಚೀಟಿ ಇನ್ನೂ ಉಳಿದಿರಬಹುದಾದ ಒಂದೇ ಡಬ್ಬಿಯನ್ನು ಹುಡುಕಿ ಮರುದಿನ ದೇಸೂರಕ್ಕೆ ಹೋದೆ. ನಿವೃತ್ತರಾಗಿದ್ದ ಅಕ್ಕೋರು ಅಂಗಳದಲ್ಲಿ ಚಾಪೆಯ ಮೇಲೆ ಮಾವಿನಕಾಯಿಯ ಹೋಳುಗಳನ್ನು ಒಣಗಿಸುತ್ತಿದ್ದರು. ಡಬ್ಬಿಯ ಮಾತೆತ್ತಿದಾಗ ಒಳಗೋಡೆಯ ಮಾಡದಿಂದ ತಂದು ಮುಂದಿಟ್ಟರು. ಚೀಟಿ ಹಾಗೆಯೇ ಇತ್ತು, ಟೇಪಿನ ಅಂಚು ಸ್ವಲ್ಪ ಹಳದಿಯಾಗಿತ್ತು.

"ಹೊಳ್ಳಿ ಕೊಡಲಿಲ್ಲ ಅಂತ ಬೇಜಾರಾಗಬ್ಯಾಡ್ರಿ. ಊಟ ಬಿಟ್ಟ ದಿನ ಖಾಲಿ ಕೊಡಾಕ ನನಗ ಮನಸ್ಸ ಬರಲಿಲ್ಲ. ತುಂಬಿ ಕೊಡಾಕ ನೀವು ಬಿಡಲಿಲ್ಲ. ಏನ ಮಾಡ್ಲಿ? ಇಟಗೊಂಡೆ."

ಅನಂತರ ಅವರು ಆ ಹೋಳುಗಳನ್ನು ತೋರಿಸಿ ಕೇಳಿದರು: "ನಿಮ್ಮ ವೈನಿಯವ್ರು ಹುರಳಿ ಸಾರಿಗೆ ಹುಳಿ ಯಾವುದು ಹಾಕ್ತಿದ್ರು?"

"ಹುಣಸಿಹಣ್ಣು. ಮೊದಲಿಂದಲೂ."

ಅಕ್ಕೋರು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನನ್ನನ್ನು ನೋಡಿದರು. "ನಾನು ಮಾವಿನಹೋಳು ಹಾಕಿ ಕಳಿಸಿದ ಮರುದಿನ ಸಾರಿನಾಗ ಅದ ಇರ್ತಿತ್ತು. ವಾಸನಿ ಹಿಡದ ಹೇಳ್ತಿದ್ದೆ. ನಾನು ಕಳಿಸದ ದಿನ ಬ್ಯಾರೆ ಯಾರದೋ ಇರ್ತಿತ್ತು. ಇಂದು ಯಾರ ಮನಿದು ಬರ್ತೈತಿ ಅಂತ ನೋಡಾಕ ನಾನು ಮುಚ್ಚಳಾ ತೆಗೀತಿದ್ದೆ."

ಒಬ್ಬರ ಸಾಕ್ಷ್ಯ ಸಾಲದೆಂದು ಬೆಳಗಾವಿಗೆ ಹೋದೆ. ಬ್ಯಾಂಕಿನ ಗೃಹಸ್ಥರು ಹೇಳಿದರು: ತಮ್ಮ ಮಗಳ ಗಂಡನ ಮನೆ ಲೋಂಡಾದ ಆಚೆ, ಗೋವೆಯ ಕಡೆ, ಅಲ್ಲಿಂದ ಬರುತ್ತಿದ್ದ ಹುಳಿಗೆ ಹಾಕುವ ಒಣ ಕೋಕಂ ಸಿಪ್ಪೆಯನ್ನು ತಮ್ಮ ಹೆಂಡತಿ ವಾರಕ್ಕೊಮ್ಮೆ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದಳು. ಶಹಾಪುರದ ಗೃಹಿಣಿ ಹಿತ್ತಿಲಿನ ಅಮಟೆಕಾಯಿ ಹಾಕುತ್ತಿದ್ದಳು; ಎಲ್ಲೋ ಏನೋ ಕಡಿಮೆಯೆಂದು ಹೇಳಿದವಳೂ ಆಕೆಯೇ. ಕಡಿಮೆಯಾದದ್ದು ಆಕೆಯದೇ ಅಮಟೆಕಾಯಿ ಎಂದು ಆಕೆಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಯಾವ ದಿನ ಯಾರ ಮನೆಯ ಹುಳಿ ಹಾಕಿದ್ದೇನೆಂದು ವೈನಿಗೆ ತಿಳಿದಿರಲಿಲ್ಲವೆಂದರೆ ನಾನು ನಂಬಲಾರೆ. ಆದರೆ ಆಕೆ ಹೇಳಬಹುದಾಗಿದ್ದ ದಿನ ನಾನು ಇರುವೆಯ ಮಾತಾಡಿ ಆಕೆಯ ಬಾಯಿ ಕಟ್ಟಿದ್ದೆ.

ಆದ್ದರಿಂದ ಜನರ ಕಥೆಯಲ್ಲಿ ಒಂದಂಶ ಸರಿ. ರುಚಿ ಹೋದದ್ದು ನಿಜ. ಅದು ಕೈಯಿಂದ ಹೋಗಲಿಲ್ಲ. ಊರಿಂದ ಹೋದವರ ಮನೆಗಳ ಹುಳಿ, ಖಾರ, ಸೊಪ್ಪು ಪ್ರತಿ ಸಂಜೆ ಆ ಡಬ್ಬಿಗಳಲ್ಲಿ ಖಾನಾಪುರಕ್ಕೆ ಬಂದು, ಬೆಳಗಾದರೆ ಒಂದೇ ಗಡಿಗೆಯಲ್ಲಿ ಕುದಿದು ಅವರಿಗೇ ಮರಳುತ್ತಿದ್ದವು. ಆ ದಾರಿಯನ್ನು ಮುಚ್ಚಿದವನು ನಾನು. ರೂಢಿಯನ್ನು ಸಂಶಯಿಸುವುದು ನನ್ನ ಹಕ್ಕೆಂದು ಈಗಲೂ ವಾದಿಸುತ್ತೇನೆ. ಅದು ಏನು ಕೆಲಸ ಮಾಡುತ್ತಿದೆಯೆಂದು ನೋಡದೆ ಕಿತ್ತೆಸೆಯುವುದು ಸಂಶಯವಲ್ಲ, ಸೋಮಾರಿತನ.

ದೇಸೂರದಿಂದ ಹೊರಡುವಾಗ ಅಕ್ಕೋರು ಅದೇ ಡಬ್ಬಿಯಲ್ಲಿ ಮಾವಿನಹೋಳು ತುಂಬಿ ಕೊಟ್ಟಿದ್ದರು. "ವೈನಿಯವ್ರಿಗೆ ಕೊಡ್ರಿ. ಡಬ್ಬಿ ಮಾತ್ರ ನನಗ ಹೊಳ್ಳಿ ಬರಬೇಕ್ರಿ ಮತ್ತ" ಎಂದಿದ್ದರು. ಅದನ್ನು ವೈನಿಯ ಮುಂದಿಟ್ಟು, ಹೋಳು ಕೊಟ್ಟವರಾರೆಂಬುದೊಂದನ್ನು ಬಿಟ್ಟು, ನಾನು ಕಂಡುಕೊಂಡದ್ದನ್ನೆಲ್ಲ ಒಂದಾದ ಮೇಲೊಂದು ಹೇಳಿದೆ. ಆಕೆ ಪೂರ್ತಿ ಕೇಳಿದಳು.

"ನಿಮ್ಮ ಕೈ ಹೋಗಿರಲಿಲ್ಲ, ವೈನಿ. ತಪ್ಪು ನನ್ನದು."

"ರುಚಿ ಹೋತು ಅಂತ ಬಂದು ಹೇಳಿದವ್ರೂ ನೀವ. ಹೋಗಿರಲಿಲ್ಲ ಅಂತ ಹೇಳವ್ರೂ ನೀವ. ಓದಿದವ್ರು ನೀವು, ನಾ ಯಾವ ಮಾತು ಹಿಡೀಲಿ, ಭಾವೋಜಿ?"

ನಾನು ಡಬ್ಬಿಯ ಮುಚ್ಚಳ ತೆಗೆದೆ. ಆಕೆ ಒಂದು ಹೋಳನ್ನು ಎತ್ತಿ ಮೂಸಿದಳು. ಮುಖದಲ್ಲಿ ಏನೋ ಸುಳಿದಂತಾಯಿತು. "ದೇಸೂರಿನವು" ಎಂದಳು. ನಾನು ಹೆಸರನ್ನಾಗಲಿ ಊರನ್ನಾಗಲಿ ಇನ್ನೂ ಹೇಳಿರಲಿಲ್ಲ. ಹೋಳುಗಳು ಬಂದ ಬಗೆಯನ್ನು ಹೇಳುವುದೊಂದು ಬಾಕಿಯಿತ್ತು. ಮೂಗು ಹಾಗೆಯೇ ಇದೆ. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಆಕೆಗೆ ಅದು ಪುರಾವೆಯಾಗಿ ಕಾಣಲಿಲ್ಲ. ಹೋಳುಗಳನ್ನು ಭರಣಿಗೆ ಸುರಿದು ಮುಚ್ಚಿದಳು.

ಡಬ್ಬಿಯನ್ನು ಬರಿದಾಗಿ ಕಳಿಸುವಂತಿರಲಿಲ್ಲ. ಈಗಲಾದರೂ ಆಕೆ ಒಲೆಯ ಮುಂದೆ ಕುಳಿತಾಳೆಂದು ಎರಡು ದಿನ ಕಾದೆ. ಅಡಿಗೆಮನೆಯಲ್ಲಿ ಹುರಳಿಯನ್ನು ನೆನೆಹಾಕಿ ಆಕೆಗೆ ಕಾಣುವಂತೆ ಇಟ್ಟೆ. ಮೊಳಕೆ ಬಂತು, ನಾನೇ ಬೇಯಿಸಿದೆ, ಉಪ್ಪು ಹೆಚ್ಚಾಯಿತು. ಆಕೆ ಮಜ್ಜಿಗೆ ಬೆರೆಸಿಕೊಂಡು ಉಂಡಳು. ಮೂರನೆಯ ದಿನ ಡಬ್ಬಿಯಲ್ಲಿ ಎರಡು ಹಿಡಿ ಕೆಂಪಕ್ಕಿ ಹಾಕಿ ನನ್ನ ಕೈಗೆ ಕೊಟ್ಟಳು. ಬೇಯಿಸದ ಅಕ್ಕಿ.

ಒಯ್ದು ಕೊಟ್ಟೆ. ಅಕ್ಕೋರು ಮುಚ್ಚಳ ತೆಗೆದು ನೋಡಿದರು, ಮತ್ತೆ ಮುಚ್ಚಿದರು, "ಕುಂದರ್ರಿ, ಚಹಾ ಮಾಡ್ತೀನಿ" ಎಂದರು.

ಚೀಟಿಯನ್ನು ಕೀಳಬೇಡಿರೆಂದು ಅವರಲ್ಲಿ ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಯಾರು ಬಂದು ಕೇಳಿದರೂ ತೋರಿಸುವೆನೆಂದೂ ಹೇಳಿದ್ದಾರೆ. ಇಪ್ಪತ್ತೆರಡರಲ್ಲಿ ಉಳಿದದ್ದು ಅದೊಂದೇ. ನನ್ನ ಮಾತನ್ನು ನಂಬಬೇಕಾಗಿಲ್ಲ. ದೇಸೂರ ನಿಲ್ದಾಣದಲ್ಲಿ ಇಳಿದು ಗಣಿತದ ಅಕ್ಕೋರ ಮನೆ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕನ್ನಡದಲ್ಲಿ ಎರಡು ಸಾಲು, ಮರಾಠಿಯಲ್ಲಿ ಎರಡು ಸಾಲು, ಸುತ್ತ ಬಳ್ಳಿಯ ಅಂಚು. ಕೆಳಗೆ ಬಲಗಡೆ ನೀಲಿ ಶಾಯಿಯ ಸಹಿ ಒಂದೇ ಇದೆ. ಅದು ನನ್ನದು. ವೈನಿಯ ಹೆಸರು ಆ ಕಾಗದದ ಮೇಲೆ ಎಲ್ಲಿಯೂ ಇಲ್ಲ.